ಕ್ಲೌಡ್ ಬಿಟ್ಟು ಸ್ವಂತ ಸರ್ವರ್: ಭಾನುವಾರದ ಪ್ರಶ್ನೋತ್ತರ

ನಿರ್ವಾಹಕರು: ಮುಂಬೈ–ಪುಣೆ–ಗೋವಾ ಕನ್ನಡ ಉದ್ಯಮಿಗಳಿಗೆ ನಮಸ್ಕಾರ. ಕ್ಲೌಡ್ (ಇಂಟರ್ನೆಟ್ ಮೂಲಕ ಬಳಸುವ, ಬೇರೆ ಕಂಪನಿಯ ಸರ್ವರ್) ಬಾಡಿಗೆ ಏರಿತು, ಸರ್ವರನ್ನು ನಮ್ಮಲ್ಲೇ ಇಟ್ಟುಕೊಳ್ಳಬಹುದೇ ಎಂದು ಹಲವರು ಕೇಳಿದ್ದೀರಿ. ಹಿಂಜೆವಾಡಿಯ ನಮ್ಮ ಎಂಜಿನಿಯರ್ ಇಂದು ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಮಾಟುಂಗಾ, ಹೋಟೆಲ್: ಸರ್, ಮೂರು ಹೋಟೆಲುಗಳ ಬಿಲ್ಲಿಂಗ್ ಕ್ಲೌಡ್‌ನಲ್ಲಿದೆ. ತಿಂಗಳಿಗೆ ಒಂಬತ್ತು ಸಾವಿರ ಆಗುತ್ತದೆ. ಸ್ವಂತ ಸರ್ವರ್ ಕೊಂಡರೆ ಉಳಿತಾಯವೇ?

ಎಂಜಿನಿಯರ್: ಇಲ್ಲ ಶೆಟ್ಟರೇ. ಆ ದುಡ್ಡಿಗೆ ಸರ್ವರ್ ನೋಡಿಕೊಳ್ಳುವ ಹುಡುಗನೂ ಸಿಗುವುದಿಲ್ಲ. ಇದ್ದಲ್ಲೇ ಇರಲಿ.

ಮಡಗಾಂವ್, ರೆಸಾರ್ಟ್: ಸಮುದ್ರದ ಉಪ್ಪುಗಾಳಿಗೆ ಸರ್ವರ್ ಬಾಳುತ್ತದೆಯೇ ಸರ್?

ಭೋಸರಿ, ಬಿಡಿಭಾಗ ಕಾರ್ಖಾನೆ: ನಮಸ್ಕಾರ ಸರ್. ನಮ್ಮ ಇಆರ್‌ಪಿ (ಲೆಕ್ಕ, ದಾಸ್ತಾನು, ಆರ್ಡರು ನೋಡಿಕೊಳ್ಳುವ ತಂತ್ರಾಂಶ), ಡೇಟಾಬೇಸ್, ಗ್ರಾಹಕರ ಬಿಡಿಭಾಗಗಳ ನಕ್ಷೆಗಳು ಎಲ್ಲ ಸೇರಿ ಆರು ಟಿಬಿ ಕ್ಲೌಡ್‌ನಲ್ಲಿವೆ. ತಿಂಗಳಿಗೆ 1.9 ಲಕ್ಷ ಬಿಲ್. ಮಗ ಒಂದು ಸರ್ವರ್ ಕೊಂಡು ತಂದು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇಟ್ಟಿದ್ದಾನೆ. ನಾಲ್ಕು ಡಿಸ್ಕ್, ಒಂದು ಕೆಟ್ಟರೂ ಡೇಟಾ ಉಳಿಯುವ ರೇಡ್ 5 ಜೋಡಣೆ. ಹಾಗಾಗಿ ಬೇರೆ ಬ್ಯಾಕಪ್ ಬೇಡ ಎಂದು ಮಾರಿದವರು ಹೇಳಿದರು. 30ನೇ ತಾರೀಕಿಗೆ ಕ್ಲೌಡ್ ಖಾತೆ ಮುಚ್ಚುತ್ತೇವೆ. ಸರಿ ತಾನೇ?

ಎಂಜಿನಿಯರ್: ಖಾತೆ ಮುಚ್ಚಬೇಡಿ. ಮಿಕ್ಕದ್ದನ್ನು ಆಮೇಲೆ ಓದಿ, ಮೊದಲು ಮಗನಿಗೆ ಫೋನ್ ಮಾಡಿ ಇಷ್ಟು ಹೇಳಿ ಬನ್ನಿ.

ನಿಮ್ಮ ಆಲೋಚನೆ ತಪ್ಪಲ್ಲ. ಏರಿಳಿಯುವ ಕೆಲಸಕ್ಕೆ ಕ್ಲೌಡ್ ಚೆನ್ನ. ಹಬ್ಬದ ವಾರ ಹತ್ತು ಯಂತ್ರ ಬೇಕಾಗಿ, ಮರುವಾರ ಎರಡು ಸಾಕಾಗುವವರಿಗೆ ಅದು ಸರಿ. ನಿಮ್ಮದು ಮೂರು ಪಾಳಿಯಲ್ಲೂ ಒಂದೇ ಹೊರೆ. ಅಂಥದ್ದನ್ನು ವರ್ಷಗಟ್ಟಲೆ ಗಂಟೆ ಬಾಡಿಗೆಗೆ ಓಡಿಸುವುದು ದುಬಾರಿಯೇ. ಆದರೆ ನೀವು ಹೊರಟ ದಾರಿ ನನಗೆ ಭಯ ಹುಟ್ಟಿಸುತ್ತಿದೆ.

ರೇಡ್ ಬ್ಯಾಕಪ್ ಅಲ್ಲ. ರೇಡ್ 5ರಲ್ಲಿ ಒಂದು ಡಿಸ್ಕ್ ಹೋದರೆ ಕೆಲಸ ನಿಲ್ಲುವುದಿಲ್ಲ, ಅಷ್ಟೇ. ಹೊಸ ಡಿಸ್ಕ್ ಹಾಕಿ ಅದು ತುಂಬಿಕೊಳ್ಳುವ ಮೊದಲೇ ಇನ್ನೊಂದು ಹೋದರೆ ಎಲ್ಲವೂ ಹೋಯಿತು. ಯಾರಾದರೂ ಕೈತಪ್ಪಿ ಒಂದು ಕಡತ ಅಳಿಸಿದರೆ ನಾಲ್ಕೂ ಡಿಸ್ಕಿನಿಂದ ಒಟ್ಟಿಗೇ ಅಳಿಯುತ್ತದೆ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಬಂದರೂ ಹಾಗೆಯೇ. ಪ್ರತಿಗಳು ಮೂರು ಇರಬೇಕು. ಒಂದು ಬೇರೆ ಕಟ್ಟಡದಲ್ಲಿರಬೇಕು, ಒಂದು ಪ್ರತಿ, ಸರ್ವರಿನ ಪಾಸ್‌ವರ್ಡ್ ಕದ್ದವನ ಕೈಗೂ ಎಟಕದಂತಿರಬೇಕು.

ಇನ್ನು ಆ ಕೋಣೆ. ನಿಮ್ಮಂಥದ್ದೇ ಒಂದು ಕಾರ್ಖಾನೆಯಲ್ಲಿ ಮೆಟ್ಟಿಲ ಕೆಳಗಿನ ಸರ್ವರ್ ಬಿಚ್ಚಿದ್ದೆ. ಗ್ರೈಂಡಿಂಗ್ ಧೂಳು ಫ್ಯಾನಿನ ರೆಕ್ಕೆಗಳ ಮೇಲೆ ಕುಂಕುಮದಷ್ಟು ನುಣುಪಾಗಿ ಕೂತಿತ್ತು, ಬೆರಳಿಟ್ಟರೆ ಕಪ್ಪಾಗಿ ಹತ್ತಿಕೊಂಡಿತು. ಅದು ಲೋಹ, ವಿದ್ಯುತ್ ಹರಿಸುತ್ತದೆ. ಬೋರ್ಡಿನ ಮೇಲೆ ಕೂತರೆ ಶಾರ್ಟ್ ಆಗಲು ತಡವಿಲ್ಲ. ಕಚೇರಿಯ ಮೇಲಂತಸ್ತಿನಲ್ಲಿ ಬಾಗಿಲು ಮುಚ್ಚುವ, ಎಸಿ ಇರುವ ಕೋಣೆ ಕೊಡಿ. 400 ವ್ಯಾಟ್ ಎಳೆಯುವ ಸರ್ವರ್ ತಿಂಗಳಿಗೆ 288 ಯೂನಿಟ್ ತಿನ್ನುತ್ತದೆ, ಎಸಿಯದು ಬೇರೆ. ಉಳಿತಾಯದ ಲೆಕ್ಕದಲ್ಲಿ ಅದನ್ನೂ ಬರೆದುಕೊಳ್ಳಿ.

ಗುರುವಾರ ನಿಮ್ಮಲ್ಲಿ ದುರಸ್ತಿಗೆಂದು ಕರೆಂಟ್ ತೆಗೆಯುತ್ತಾರಲ್ಲವೇ? ಯುಪಿಎಸ್ ಇದ್ದರೆ ಸಾಲದು. ಅದರಿಂದ ಸರ್ವರಿಗೆ ಸಂಕೇತದ ತಂತಿ ಹೋಗಬೇಕು. ಬ್ಯಾಟರಿ ಮುಗಿಯುವ ಮುಂಚೆ ಡೇಟಾಬೇಸ್ ತಾನಾಗಿ ಮುಚ್ಚಿಕೊಳ್ಳಬೇಕು. ಆ ತಂತಿ ಡಬ್ಬದಲ್ಲೇ ಉಳಿದದ್ದನ್ನು ಎಷ್ಟೋ ಕಡೆ ನೋಡಿದ್ದೇನೆ.

ಒಂದೇ ಸರ್ವರ್ ಇದ್ದರೆ ಅದು ಕೆಟ್ಟ ದಿನ ಕಾರ್ಖಾನೆಯೂ ನಿಲ್ಲುತ್ತದೆ. ಎರಡು ಸರ್ವರ್, ಜೊತೆಗೆ ಮತ ಹಾಕಲು ಒಂದು ಚಿಕ್ಕ ಮೂರನೆಯ ಯಂತ್ರ ಇರಲಿ. ಸಂಪರ್ಕ ಕಡಿದಾಗ ಮೂವರಲ್ಲಿ ಇಬ್ಬರು ಒಪ್ಪಿದ ಕಡೆ ಕೆಲಸ ಮುಂದುವರಿಯುತ್ತದೆ. ಕ್ಲೌಡ್‌ನಲ್ಲಿ ನಿಮಗಿದ್ದ ಸೌಲಭ್ಯ ಇದೇ. ವರ್ಚುವಲ್ ಯಂತ್ರಗಳನ್ನು (ಸರ್ವರಿನೊಳಗೆ ತಂತ್ರಾಂಶದಿಂದ ಕಟ್ಟಿದ ಕಂಪ್ಯೂಟರುಗಳನ್ನು) ಒಂದು ಸರ್ವರಿನಿಂದ ಇನ್ನೊಂದಕ್ಕೆ ಸರಿಸಬಹುದು, ಬೇಕಾದಾಗ ಹಿಗ್ಗಿಸಬಹುದು.

100 ಎಂಬಿಪಿಎಸ್ ಲೈನಿನಲ್ಲಿ ಆರು ಟಿಬಿ ಇಳಿಯಲು ನಿಲ್ಲದೆ ಓಡಿದರೂ ಐದೂವರೆ ದಿನ ಬೇಕು. ಇಳಿಸಿದ ಮೇಲೆ ಬ್ಯಾಕಪ್ಪನ್ನು ಬೇರೊಂದು ಯಂತ್ರಕ್ಕೆ ಹಾಕಿ, ಇಆರ್‌ಪಿ ತೆರೆದು, ಹಳೆಯ ಇನ್‌ವಾಯ್ಸ್ ಒಂದನ್ನು ನೋಡಿ. ಅದಾಗದೆ ಕ್ಲೌಡ್ ಬಿಡುವ ಮಾತೇ ಬೇಡ. ಇವತ್ತೇ ಶುರು ಮಾಡಿ.

ಠಾಣೆ, ಸಾಗಣೆ: ಫಾರ್ವರ್ಡ್ ಬಂದದ್ದು: “ಅಮೆರಿಕದ ಕಂಪನಿ ಕ್ಲೌಡ್ ಬಿಟ್ಟು ಕೋಟಿ ಕೋಟಿ ಉಳಿಸಿತು. ಹಳೆಯ ಸರ್ವರ್ ಕೊಳ್ಳಿ, ಜೀವನಪೂರ್ತಿ ಖರ್ಚಿಲ್ಲ. ಹತ್ತು ಜನರಿಗೆ ಕಳುಹಿಸಿ.”

ಎಂಜಿನಿಯರ್: ದಯವಿಟ್ಟು ಕಳುಹಿಸಬೇಡಿ. ಅದು 37ಸಿಗ್ನಲ್ಸ್ ಎಂಬ ತಂತ್ರಾಂಶ ಕಂಪನಿಯ ಕಥೆ. 2022ರಲ್ಲಿ ಅವರ ಕ್ಲೌಡ್ ಬಿಲ್ ಸುಮಾರು 32 ಲಕ್ಷ ಡಾಲರ್. ಅವರು ಕೊಂಡದ್ದು ಹೊಸ ಸರ್ವರುಗಳು, ಇಟ್ಟದ್ದು ಬಾಡಿಗೆಯ ಡೇಟಾ ಸೆಂಟರಿನಲ್ಲಿ, ನೋಡಿಕೊಳ್ಳುವವರು ಅವರದೇ ನುರಿತ ಜನ. “ಜೀವನಪೂರ್ತಿ ಖರ್ಚಿಲ್ಲ” ಎನ್ನುವುದು ಶುದ್ಧ ಸುಳ್ಳು.

ವಾಶಿ, ಲೆಕ್ಕಪರಿಶೋಧಕಿ: ತೆರಿಗೆಯನ್ನೂ ಗಮನಿಸಿ. ಕ್ಲೌಡ್ ಬಾಡಿಗೆ ಆಯಾ ವರ್ಷದ ಖರ್ಚು. ಸರ್ವರ್ ಆಸ್ತಿ, ವರ್ಷಕ್ಕೆ ಶೇ. 40ರಂತೆ ಸವಕಳಿ. ಕಂಪನಿಯಾದರೆ ಕಂಪನಿ ಲೆಕ್ಕ ನಿಯಮಗಳ 2022ರ ತಿದ್ದುಪಡಿಯಂತೆ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದಲ್ಲಿರುವ ಸರ್ವರಿನಲ್ಲಿ ದಿನವೂ ಆಗಬೇಕು.

ಠಾಣೆ, ಸಾಗಣೆ: ಅದೆಲ್ಲ ದೊಡ್ಡ ಕಂಪನಿಗಳಿಗೆ ಮೇಡಂ.

ವಾಶಿ, ಲೆಕ್ಕಪರಿಶೋಧಕಿ: ಅಲ್ಲ. ಲೆಕ್ಕವನ್ನು ಕಂಪ್ಯೂಟರಿನಲ್ಲಿಡುವ ಪ್ರೈವೇಟ್ ಲಿಮಿಟೆಡ್‌ಗೂ ಅನ್ವಯಿಸುತ್ತದೆ.

ಠಾಣೆ, ಸಾಗಣೆ: ಇಪ್ಪತ್ತು ವರ್ಷ ವ್ಯಾಪಾರ ಮಾಡಿದ್ದೇನೆ, ಯಾರೂ ಕೇಳಿಲ್ಲ. ನೀವು ಹೆದರಿಸಿ ಫೀಸು ಕೀಳುವುದು ಬೇಡ.

ವಾಶಿ, ಲೆಕ್ಕಪರಿಶೋಧಕಿ: ನಿಮ್ಮಿಂದ ಒಂದು ರೂಪಾಯಿ ಕೇಳಿದ್ದೇನೆಯೇ? ಮಾತು ಹಿಂತೆಗೆದುಕೊಳ್ಳಿ.

ಮಾಟುಂಗಾ, ಹೋಟೆಲ್: ಮೇಡಂ ಹೇಳಿದ್ದು ಸರಿಯಾಗಿಯೇ ಇದೆ. ಫಾರ್ವರ್ಡ್ ಹಾಕಿದವರು ಸುಮ್ಮನಿರಬಹುದು.

ಠಾಣೆ, ಸಾಗಣೆ: ನಿಮಗೆ ಕೇಳಿದವರು ಯಾರು?

ನಿರ್ವಾಹಕರು: ಇಬ್ಬರೂ ನಿಲ್ಲಿಸಿ. ಮುಂದಿನ ಪ್ರಶ್ನೆ.

ಪಿಂಪ್ರಿ, ಮುದ್ರಣಾಲಯ: ವರ್ಚುವಲ್ ಯಂತ್ರ ನಡೆಸುವ ತಂತ್ರಾಂಶ ವಿಎಂವೇರ್‌ನ ಕ್ರ್ಯಾಕ್ ಕೀ (ಕದ್ದ ಪರವಾನಗಿ) ಕೊಡುತ್ತೇನೆ ಎಂದು ಪರಿಚಿತರೊಬ್ಬರು ಹೇಳುತ್ತಾರೆ.

ಎಂಜಿನಿಯರ್: ಬೇಡವೇ ಬೇಡ. ಶಾಶ್ವತ ಪರವಾನಗಿ ಮಾರುವುದನ್ನು ವಿಎಂವೇರನ್ನು ಕೊಂಡ ಬ್ರಾಡ್‌ಕಾಮ್ 2023ರ ಡಿಸೆಂಬರಿನಲ್ಲೇ ನಿಲ್ಲಿಸಿತು. ಅದೇ ಕೆಲಸ ಮಾಡುವ ಪ್ರಾಕ್ಸ್‌ಮಾಕ್ಸ್ ದುಡ್ಡು ಕೊಡದೆಯೇ ಸಿಗುವಾಗ ಕದ್ದ ಕೀಲಿ ಯಾಕೆ?

ಡೊಂಬಿವಲಿ, ಕೋಚಿಂಗ್: ತಿಂಗಳಿಗೆ ಏಳು ಸಾವಿರ ಬಿಲ್. ಸ್ವಂತ ಸರ್ವರ್ ಲಾಭವೇ?

ಎಂಜಿನಿಯರ್: ಶೆಟ್ಟರಿಗೆ ಹೇಳಿದ್ದೇ ಉತ್ತರ.

ಕುರ್ಲಾ, ಗೋದಾಮು: ಡೇಟಾ ಹೊರಗೆ ತರಲೂ ದುಡ್ಡು ಕೇಳುತ್ತಾರಂತೆ?

ಎಂಜಿನಿಯರ್: ಹೌದು, ಜಿಬಿ ಲೆಕ್ಕದಲ್ಲಿ. 2024ರಿಂದ ಮೂರು ದೊಡ್ಡ ಕ್ಲೌಡ್‌ಗಳೂ ಪೂರ್ತಿ ಬಿಟ್ಟುಹೋಗುವವರಿಗೆ ಅದನ್ನು ಮನ್ನಾ ಮಾಡುತ್ತವೆ, ಆದರೆ ಮೊದಲೇ ತಿಳಿಸಬೇಕು. ನೀವು ಕುರ್ಲಾದವರು, 2005ರ ಜುಲೈ 26 ಮರೆತಿಲ್ಲ ತಾನೇ? ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದಿತ್ತು. ನೆಲಮಹಡಿಯಲ್ಲಿ ಸರ್ವರ್ ಇಡಬೇಡಿ.

ಮೀರಾ ರೋಡ್, ಔಷಧ ವಿತರಣೆ: ತಿಂಗಳಿಗೆ ಹನ್ನೊಂದು ಸಾವಿರ. ಸ್ವಂತ ಸರ್ವರ್…

ಎಂಜಿನಿಯರ್: ಮೇಲೆ ಓದಿ.

ಮೀರಾ ರೋಡ್, ಔಷಧ ವಿತರಣೆ: ಉತ್ತರಿಸಲು ಬೇಸರವಿದ್ದರೆ ಬರುವುದೇಕೆ?

ಮಡಗಾಂವ್, ರೆಸಾರ್ಟ್: ಸರ್, ಉಪ್ಪುಗಾಳಿಯ ಪ್ರಶ್ನೆ ಬೆಳಿಗ್ಗೆಯೇ ಕೇಳಿದ್ದೆ.

ಭೋಸರಿ, ಬಿಡಿಭಾಗ ಕಾರ್ಖಾನೆ: ಸರ್, ರಾತ್ರಿ ಹೊತ್ತಾಯಿತು, ಕ್ಷಮಿಸಿ. ಸರ್ವರಿಗೆ ಇಳಿಸಿಟ್ಟಿದ್ದ ಬ್ಯಾಕಪ್ಪನ್ನು ಮಗ ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದ. ಇಆರ್‌ಪಿ ತೆರೆಯಿತು, ಇನ್‌ವಾಯ್ಸ್ ಬಂತು. ನಕ್ಷೆ ಒತ್ತಿದರೆ “ಕಡತ ಇಲ್ಲ” ಎನ್ನುತ್ತದೆ. ಇಳಿದಿರುವುದು ಡೇಟಾಬೇಸ್ ಮಾತ್ರ. ಹನ್ನೆರಡು ವರ್ಷದ ನಕ್ಷೆಗಳು ಅದರಲ್ಲಿ ಇಲ್ಲವೇ ಇಲ್ಲ.

ಎಂಜಿನಿಯರ್: ಹಾಗಾದರೆ ಅವುಗಳ ಏಕೈಕ ಪ್ರತಿ ಕ್ಲೌಡ್‌ನಲ್ಲಿದೆ. ಖಾತೆಯ ಪಾಸ್‌ವರ್ಡ್ ಬದಲಿಸಿ, ಅಲ್ಲಿ ಯಾರೂ ಏನನ್ನೂ ಅಳಿಸದಿರಲಿ. ಗುರುವಾರ ಕರೆಂಟ್ ಇಲ್ಲದ ಹೊತ್ತಿಗೇ ಬರುತ್ತೇನೆ, ಯುಪಿಎಸ್ ತಂತಿಯನ್ನೂ ನೋಡೋಣ. ಮಗನೂ ಜೊತೆಗಿರಲಿ.