ಜೆ.ಸಿ. ರೋಡ್ ಷೇರುಪೇಟೆ ಹೊರದೇಶದವರ ಜೊತೆ ಸೇರಿದ್ದರೆ ಉಳಿಯುತ್ತಿತ್ತಾ?

ಬಸವನಗುಡಿ_ಹುಡುಗ: ನಮ್ಮಪ್ಪ ಜೆ.ಸಿ. ರೋಡಿನ ಬೆಂಗಳೂರು ಷೇರುಪೇಟೆಯಲ್ಲಿ ಬ್ರೋಕರ್ ಒಬ್ಬರ ಗುಮಾಸ್ತರಾಗಿದ್ದರು. ಸಂಜೆ ಷೇರು ಪತ್ರಗಳ ಚೀಲ ಹಿಡಿದು ಮನೆಗೆ ಬರುತ್ತಿದ್ದರು. 1963ರಲ್ಲಿ ಶುರುವಾದ ಪೇಟೆ, 2014ರಲ್ಲಿ ಮುಚ್ಚಿತು. ಮೊನ್ನೆ ಆ ಕಡೆ ಹೋದಾಗ ಸುಮ್ನೆ ಒಂದು ಯೋಚನೆ ಬಂತು. ಸಣ್ಣ ಪೇಟೆಗಳು ದೇಶದ ಗಡಿ ದಾಟಿ ಕೈಜೋಡಿಸಿ ಬದುಕಿದ್ದು ಎಲ್ಲಾದರೂ ಇದೆಯಾ?

ಕಾಫಿಪುಡಿ: ಇದೆ. ಪಶ್ಚಿಮ ಆಫ್ರಿಕಾದ 8 ದೇಶಗಳಿಗೆ ಒಂದೇ ಪೇಟೆ, ಐವರಿ ಕೋಸ್ಟಿನ ಅಬಿಜಾನ್‌ನಲ್ಲಿ, 1998ರಿಂದ. ಅವರಿಗೆ ಕರೆನ್ಸಿಯೂ ಒಂದೇ. ಗುಟ್ಟಿರುವುದೇ ಅಲ್ಲಿ! 2012ರಲ್ಲಿ ಸಿಂಗಾಪುರ, ಮಲೇಷ್ಯಾ, ಥಾಯ್ಲೆಂಡ್ ಪೇಟೆಗಳೂ ಒಂದಕ್ಕೊಂದು ಜೋಡಿಸಿಕೊಂಡವು. ಕರೆನ್ಸಿ ಬೇರೆ, ನಿಯಮ ಬೇರೆ. ಜಾಸ್ತಿ ವರ್ಷ ನಡೆಯಲಿಲ್ಲ.

ಹದಿನೆಂಟನೇ_ಕ್ರಾಸ್: ನಮ್ಮದೇ ಗಿಫ್ಟ್ ನಿಫ್ಟಿ ಮರೆತಿರಲ್ಲ! ನಿಫ್ಟಿ ಷೇರು ಸೂಚ್ಯಂಕದ ಮೇಲೆ ಮೊದಲು ಸಿಂಗಾಪುರದಲ್ಲಿ ನಡೆಯುತ್ತಿದ್ದ ವಾಯಿದಾ ವಹಿವಾಟು 2023ರ ಜುಲೈಯಲ್ಲಿ ಗುಜರಾತಿನ ಗಿಫ್ಟ್ ಸಿಟಿ ಹಣಕಾಸು ಕೇಂದ್ರಕ್ಕೆ ಬಂತು. ಸಿಂಗಾಪುರದವರು ಅಲ್ಲಿಂದಲೇ ಆರ್ಡರ್ ಹಾಕುತ್ತಾರೆ, ಕೊಳ್ಳುವವರ-ಮಾರುವವರ ಆರ್ಡರ್ ತಾಳೆಯಾಗುವುದು ಇಲ್ಲಿ. ಲೆಕ್ಕ ಡಾಲರಿನಲ್ಲಿ. ಆದರೆ ಅದು ದೊಡ್ಡವರ ಜೋಡಿ, ಸಣ್ಣ ಪೇಟೆಗೆ ಅಲ್ಲೇನು ಕೆಲಸ?

ಬಸವನಗುಡಿ_ಹುಡುಗ: ಅಪ್ಪನಿಗೆ ಓದಿ ಹೇಳಿದೆ. ನಕ್ಕರು. "1994ರಲ್ಲಿ ಎನ್‌ಎಸ್‌ಇ (ರಾಷ್ಟ್ರೀಯ ಷೇರುಪೇಟೆ) ಕಂಪ್ಯೂಟರ್ ಸ್ಕ್ರೀನ್ ಬಂತು. ಆಮೇಲೆ ನಮ್ಮ ಗಿರಾಕಿಗಳೇ ಅತ್ತ ಹೋದರು. ಅಬಿಜಾನ್ ಏನು ಮಾಡುತ್ತಿತ್ತು?" ಅಂದರು. ಆ ಚೀಲ ಇನ್ನೂ ಅಟ್ಟದ ಮೇಲಿದೆಯಂತೆ.