ಡಬ್ಬಿಯಲ್ಲಿ ಹಿಡಿದ ಬಿಸಿಲು ಎಲ್ಲಿ ಹೋಯಿತು? ಮಗನಿಗೆ ಏನು ಹೇಳಲಿ?

ಪುಟ್ಟನ ಅಮ್ಮ, ದಾವಣಗೆರೆ:
ನನ್ನ ಮಗನಿಗೆ ನಾಲ್ಕು ವರ್ಷ. ನಿನ್ನೆ ಅಂಗಳದಲ್ಲಿ ಸ್ಟೀಲ್ ಡಬ್ಬಿ ತೆರೆದಿಟ್ಟು ಬಿಸಿಲು ತುಂಬಿಸಿದ. ಮುಚ್ಚಳ ಹಾಕಿ, ಅಜ್ಜಿಗೆ ತೋರಿಸಲು ಒಳಗೆ ಓಡಿಬಂದ. ತೆರೆದರೆ ಏನೂ ಇಲ್ಲ. ತುಂಬಾ ಅತ್ತ. "ಬಿಸಿಲು ಡಬ್ಬಿಯಲ್ಲಿ ನಿಲ್ಲಲ್ಲ ಕಣೋ" ಅಂದೆ. "ಯಾಕೆ?" ಅಂದ. ಸುಮ್ನೆ ಏನೋ ಒಂದು ಹೇಳಲು ಮನಸ್ಸಿಲ್ಲ. ಏನು ಹೇಳಲಿ?

ಇಬ್ಬರು ಮಕ್ಕಳ ಅಪ್ಪ:
ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಸೂರ್ಯನಿಂದ ಇಲ್ಲಿಗೆ 15 ಕೋಟಿ ಕಿಲೋಮೀಟರ್; 8 ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಮುಚ್ಚಳ ಹಾಕಿದ ಕೂಡಲೇ ಒಳಗಿನ ಬೆಳಕು ಡಬ್ಬಿಗೆ ಬಡಿದು ಬಡಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ.

ಅಂಗನವಾಡಿ ಟೀಚರ್, ಶಿರಸಿ ಕಡೆ:
ಸರ್ ಹೇಳಿದ್ದು ಸರಿ. ಆದರೆ ಈ ವಯಸ್ಸಿಗೆ ಹತ್ತೂ ಒಂದೇ, ಕೋಟಿಯೂ ಒಂದೇ. ಮೇಡಂ, ಆ ಡಬ್ಬಿ ಮುಟ್ಟಿ ನೋಡಿದಿರಾ? ಬೆಚ್ಚಗಿತ್ತು, ಅಲ್ವಾ? ನಿಮ್ಮ ಮಗ ಹಿಡಿದ ಬಿಸಿಲು ಅದೇ. ಡಬ್ಬಿ ಬೆಳಕನ್ನು ಕುಡಿದು ಬಿಸಿಯಾಗಿದೆ. ಅವನು ಸೋತಿಲ್ಲ ಅಂತ ಮೊದಲು ಹೇಳಿ.

ನಮ್ಮ ಅಂಗನವಾಡಿಗೆ ಹಂಚಿನ ಮಾಡು, ನಡುವೆ ಒಂದು ಗಾಜಿನ ಹಂಚು. ಬೆಳಗ್ಗೆ ಅಲ್ಲಿಂದ ಬಿಸಿಲುಕೋಲು ಇಳಿಯುತ್ತದೆ. ಚಾಪೆ ಕೊಡವಿದರೆ ಧೂಳೆದ್ದು ಕೋಲು ಇನ್ನೂ ಚೆಂದ ಕಾಣುತ್ತದೆ. ಮಕ್ಕಳು ಎರಡೂ ಕೈಯಲ್ಲಿ ಹಿಡಿಯಲು ಹೋಗುತ್ತಾರೆ. ನೆಲದ ಬಿಸಿಲಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತೇವೆ. ಉಪ್ಪಿಟ್ಟು ತಿಂದು ಬರುವಷ್ಟರಲ್ಲಿ ಅದು ಗೆರೆ ದಾಟಿರುತ್ತದೆ. "ಟೀಚರ್, ಬಿಸಿಲು ನಡೀತು!" ಅಂತ ಕೂಗುತ್ತಾರೆ. ಭೂಮಿ ತಿರುಗುವ ಕತೆ ಆಗ ಹೇಳುವುದಿಲ್ಲ. ಕಣ್ಣಾರೆ ಕಂಡದ್ದು ಮನಸ್ಸಿನಲ್ಲಿ ಇರಲಿ, ಶಾಲೆಗೆ ಹೋದಮೇಲೆ ಅದಕ್ಕೆ ಕಾರಣ ಸಿಗುತ್ತದೆ.

ಇನ್ನೊಂದು ಮಾಡಿ. ಹುಲ್ಲಿನ ಮೇಲೆ ಒಂದು ಇಟ್ಟಿಗೆ ಇಟ್ಟು, ವಾರ ಬಿಟ್ಟು ಎತ್ತಿಸಿ. ಹಳದಿಯಾಗಿರುತ್ತದೆ. "ಪಾಪ, ಇದಕ್ಕೆ ಊಟ ಸಿಕ್ಕಿಲ್ಲ" ಅಂತ ನಮ್ಮ ಒಂದು ಮಗು ಅಂದಿತ್ತು. ಸೂರ್ಯನನ್ನು ಮಾತ್ರ ನೇರ ನೋಡಲು ಬಿಡಬೇಡಿ.

ಪುಟ್ಟನ ಅಮ್ಮ:
ಟೀಚರ್, ಇವತ್ತು ಒಂದು ಡಬ್ಬಿ ಬಿಸಿಲಲ್ಲಿ, ಒಂದು ನೆರಳಲ್ಲಿ ಇಟ್ಟೆವು. ಹೆಚ್ಚು ಸುಡುತ್ತಿಲ್ಲ ಅಂತ ನೋಡಿ ಅವನ ಕೈಗೆ ಕೊಟ್ಟೆ. ಕೆನ್ನೆಗೆ ಒತ್ತಿಕೊಂಡ. ಆಮೇಲೆ ಅಜ್ಜಿಯ ಕೆನ್ನೆಗೂ ಒತ್ತಿದ.