ಅಪ್‌ಡೇಟ್: ಹ್ಯಾಮ್ ರೇಡಿಯೋದ 40 ಮೀಟರ್ ಬ್ಯಾಂಡಿನ ವರ್ಟಿಕಲ್‌ಗೆ ರೇಡಿಯಲ್ ಹಾಸಿಯಾಯಿತು

ಹೋದ ತಿಂಗಳು ಕೇಳಿದ್ದೆ ಅಲ್ವಾ, ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದ ವರ್ಟಿಕಲ್ ಆಂಟೆನಾಗೆ ನಾಲ್ಕೇ ರೇಡಿಯಲ್ (ಬುಡದಿಂದ ಸುತ್ತಲೂ ನೆಲದಲ್ಲಿ ಹಾಸುವ ತಂತಿ) ಇವೆ, ಎಸ್‌ಡಬ್ಲ್ಯೂಆರ್ (ಆಂಟೆನಾ ಕೇಬಲ್ಲಿಗೆ ಎಷ್ಟು ಹೊಂದುತ್ತದೆ ಎಂಬ ಅಳತೆ, 1 ಅಂದರೆ ಪೂರ್ತಿ ಹೊಂದಿಕೆ) ಚೆನ್ನಾಗಿ 1.1 ತೋರಿಸುತ್ತಿದೆ, ಆದರೂ ನನ್ನ ಸಿಗ್ನಲ್ ಯಾರಿಗೂ ಸರಿಯಾಗಿ ಕೇಳಿಸುತ್ತಿಲ್ಲ, ಯಾಕೆ ಅಂತ. ನೀವು ಹೇಳಿದ್ದೇ ನಿಜ. ಪವರಿನ ಒಂದು ಭಾಗ ಮಣ್ಣು ಬಿಸಿ ಮಾಡುವುದಕ್ಕೇ ಹೋಗುತ್ತಿತ್ತು.

ಈಗ ಇನ್ನೂ 20 ತಂತಿ ಸೇರಿಸಿದ್ದೇನೆ. ಮನೆ ವೈರಿಂಗಿನ 1 ಸ್ಕ್ವೇರ್ ಎಂಎಂ ತಾಮ್ರದ ವೈರ್, 90 ಮೀಟರಿನ ಎರಡು ಕಾಯಿಲ್ ಹಿಡಿಯಿತು. ಹದಿನಾಲ್ಕು ತಂತಿ 10 ಮೀಟರ್ ಇವೆ, ಕಾಂಪೌಂಡ್ ಕಡೆಯ ಆರು 6 ಮೀಟರಿಗೇ ನಿಂತವು. ಪರವಾಗಿಲ್ಲ. ಮಣ್ಣಿಗೆ ತಾಗಿದ ತಂತಿ ಹೇಗೂ ಟ್ಯೂನ್ ಆಗಿ ಉಳಿಯುವುದಿಲ್ಲ, ಹಾಗಾಗಿ ಅಳತೆ ಕರಾರುವಾಕ್ಕಾಗಿ ಇರಬೇಕಿಲ್ಲ.

ಹೂಳುವುದು ಅಂದುಕೊಂಡಷ್ಟು ಕಷ್ಟವಲ್ಲ. ಮಳೆ ಬಂದ ಮರುದಿನ ಹಳೇ ಚಾಕುವಿನಿಂದ ಎರಡು ಬೆರಳು ಆಳ ಗೀರಿ, ತಂತಿ ಒತ್ತಿ, ಅಲ್ಲಲ್ಲಿ ಜಿಐ ತಂತಿ ಬಗ್ಗಿಸಿದ ಕೊಕ್ಕೆ ಚುಚ್ಚಿದೆ. ಬುಡದಲ್ಲಿ ಒಂದು ಸ್ಟೀಲ್ ಪ್ಲೇಟ್ ಕೂರಿಸಿ ಎಲ್ಲದಕ್ಕೂ ಲಗ್ ಹಾಕಿ ಬೋಲ್ಟ್ ಬಿಗಿದಿದ್ದೇನೆ.

ಆಮೇಲೆ ನೋಡಿದರೆ ಎಸ್‌ಡಬ್ಲ್ಯೂಆರ್ 1.4ಕ್ಕೆ ಏರಿದೆ! ನಿಜವಾಗಲೂ ಗಾಬರಿಯಾಯಿತು. ಆದರೆ ಅದೇ ಒಳ್ಳೆಯ ಲಕ್ಷಣ. ಕ್ವಾರ್ಟರ್ ವೇವ್ (ತರಂಗದ ಕಾಲು ಭಾಗ ಉದ್ದದ) ವರ್ಟಿಕಲ್‌ನ ರೋಧ ಮೂಲತಃ ಸುಮಾರು 36 ಓಮ್, ಮೊದಲು ನೆಲದ ನಷ್ಟ ಅದಕ್ಕೆ ಕೂಡಿಕೊಂಡು ಕೇಬಲ್ಲಿಗೆ ಹೊಂದುವ 50ರ ಹತ್ತಿರ ತೋರಿಸುತ್ತಿತ್ತು ಅಷ್ಟೇ. ಸುಮ್ನೆ ಮೀಟರ್ ನಂಬಿ ಕೂತಿದ್ದೆ.

ನಿನ್ನೆ ರಾತ್ರಿ ಸಿಡಬ್ಲ್ಯೂನಲ್ಲಿ (ಮೋರ್ಸ್ ಕೋಡ್) ಇಟಲಿಯ ಸ್ಟೇಷನ್ ಒಂದು ನನ್ನ ಮೊದಲ ಕರೆಗೇ ಉತ್ತರಿಸಿತು. ದಾರಿ ತೋರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್, 73 (ಹ್ಯಾಮ್‌ಗಳ ಭಾಷೆಯಲ್ಲಿ ಶುಭಾಶಯ).